ಟವಲ್ಲಿನ ಕೆಳಗೊಂದು ಬಾಣ

ಮೊದಲು ಚಿತ್ರ. ಎ-ಫೋರ್ ಹಾಳೆ, ಅಡ್ಡ ಹಿಡಿದದ್ದು. ಎಡಕ್ಕೊಂದು ಚೌಕ, ಅದರೊಳಗೆ ‘ಮಾರುವವರು’. ಬಲಕ್ಕೊಂದು ಚೌಕ, ‘ಕೊಳ್ಳುವವರು’. ನಡುವೆ ಒಂದು ದುಂಡು, ಅದರೊಳಗೆ ‘ದಲಾಲ’. ದುಂಡಿನಿಂದ ಎರಡೂ ಚೌಕಗಳಿಗೆ ಹೋಗಿ ಬರುವ ನಾಲ್ಕು ಬಾಣ, ಕಪ್ಪು ಪೆನ್ನಿನವು. ಐದನೆಯ ಬಾಣ ಚುಕ್ಕೆಗಳದ್ದು. ಅದು ದಲಾಲನಿಂದ ಮಾರುವವರ ಕಡೆಗೆ ಮಾತ್ರ ಹೋಗುತ್ತದೆ, ತಿರುಗಿ ಬರುವುದಿಲ್ಲ.

ಐದನೆಯ ಬಾಣವನ್ನು ನಾನು ಬರೆಯಬಾರದಿತ್ತು. ದಲಾಲ ನನ್ನ ಅಪ್ಪ.

ಇದನ್ನು ನಾನು ಬಹಳ ಸಲ ಹೇಳಿದ್ದೇನೆ. ಆಗ ಗೋಕಾಕದ ಕಾಲೇಜಿನಲ್ಲಿ ಕಲಿತ ಅದೇ ಎರಡು ವಿಷಯಗಳನ್ನು ಈಗ ನಾನೇ ಕಲಿಸುತ್ತೇನೆ: ಒಂದು ಮಾಹಿತಿ ವ್ಯವಸ್ಥೆಗಳ ನಿರ್ವಹಣೆ, ಇನ್ನೊಂದು ಇ-ಕಾಮರ್ಸ್. ವರ್ಷಕ್ಕೊಮ್ಮೆ ಈ ಕತೆ ಹೇಳುತ್ತೇನೆ, ಹುಡುಗರು ನಗುತ್ತಾರೆ, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಹಾಗೆ ಸರಿಯಾಗಿ ಮುಗಿಯುವುದೇ ನನಗೆ ಗುಮಾನಿ. ತರಗತಿಯಲ್ಲಿ ನಾನು ಹೇಳುವ ಕೊನೆ ಸುಳ್ಳು. ಹೀಗಾಗಿ ಇದನ್ನು ಬರೆಯುವುದಕ್ಕೆ ಕೂತದ್ದು. ಕೂತೂ ಎರಡು ಸಲ ಎದ್ದೆ.

ಇಸವಿ ಎರಡು ಸಾವಿರದ ಮೂರೋ ನಾಲ್ಕೋ. ಕುಲಗೋಡದಿಂದ ಬೆಳಿಗ್ಗೆ ಬಸ್ಸು ಹಿಡಿದು ಗೋಕಾಕಕ್ಕೆ ಹೋಗುತ್ತಿದ್ದೆ. ಓದಿದ್ದು ಬಿ.ಬಿ.ಎ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಳಗೆ ಎಂಟು ಕಂಪ್ಯೂಟರು, ಎಂಟಕ್ಕೂ ಹೂವಿನ ಚಿತ್ರದ ಮುಸುಕು. ಇಂಟರ್ನೆಟ್ ಇರಲಿಲ್ಲ. ಆನ್‌ಲೈನ್ ವ್ಯಾಪಾರವನ್ನು ನಾವು ಕಲಿತದ್ದು ಕರಿಹಲಗೆಯ ಮೇಲೆ, ಸೀಮೆಸುಣ್ಣದಲ್ಲಿ. ಸರ್ ಒಂದು ದಿನ ಶಾಪಿಂಗ್ ಕಾರ್ಟ್ ಬರೆದರು, ಗಾಲಿ ಸಮೇತ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, “ಸರ್, ಗಾಡಿ ಆತು, ಎತ್ತ ಎಲ್ಲೈತ್ರಿ?”

“ನೀನ ಅದೀಯಲ್ಲೋ,” ಅಂದರು ಸರ್.

ಅವರು ನಿಡಸೋಸಿ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಕಾಯಂ ನೌಕರಿಯಲ್ಲ. ಪುಸ್ತಕವೂ ಬರೆಯುವುದೂ ಇಂಗ್ಲಿಷಿನಲ್ಲಿ, ಪಾಠ ಮಾತ್ರ ನಮ್ಮ ಮಾತಿನಲ್ಲಿ. “ಕಾಗದದ ಮ್ಯಾಲ ಬರದದ್ದಷ್ಟ ಮಾಹಿತಿ ಅಂತ ತಿಳ್ಕೋಬ್ಯಾಡ್ರಿ. ಚಾದ ಅಂಗಡ್ಯಾಗ ಆಡೂ ಮಾತೂ ಮಾಹಿತಿ, ಕಣ್ಸನ್ನೀನೂ ಮಾಹಿತಿ. ಅದನ್ನ ಯಾರು ಹಿಡದು ಚಿತ್ರದಾಗ ತೋರಸ್ತಾರ, ಅವರು ಪಾಸಷ್ಟ ಅಲ್ಲ, ಫಸ್ಟ್ ಕ್ಲಾಸ್.” ಪ್ರಾಜೆಕ್ಟು ಇಷ್ಟೇ: ನಿಮ್ಮ ಊರ ಕಡೆಯ ಒಂದು ವ್ಯಾಪಾರ ಹಿಡಿಯಿರಿ, ಅದರಲ್ಲಿ ಮಾಹಿತಿ ಯಾರಿಂದ ಯಾರಿಗೆ ಹೇಗೆ ಹರಿಯುತ್ತದೆ ಎಂದು ಚಿತ್ರ ಬಿಡಿಸಿ, ಕೊನೆಗೆ ಸುಧಾರಣೆಗೆ ಸಲಹೆ ಬರೆಯಿರಿ. ಗೆಳತಿಯರು ಕರದಂಟಿನ ಅಂಗಡಿ ಹಿಡಿದರು, ಬಟ್ಟೆ ಅಂಗಡಿ ಹಿಡಿದರು. ಸಂಕೇಶ್ವರದ ಒಬ್ಬ ಸಕ್ಕರೆ ಕಾರ್ಖಾನೆ ಹಿಡಿದ. ನಾನು ಮೂಡಲಗಿಯ ದನದ ಸಂತೆ ಹಿಡಿದೆ.

ಯಾಕೆ? ಅಪ್ಪನ ಮೇಲಿನ ಹೆಮ್ಮೆಯಿಂದ ಎಂದು ತರಗತಿಯಲ್ಲಿ ಹೇಳುತ್ತೇನೆ. ಹೆಮ್ಮೆ ಇತ್ತು, ಸುಳ್ಳಲ್ಲ. ಆದರೆ ಬೇರೆ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ತುರಿಕೆ ಅದಕ್ಕಿಂತ ಹೆಚ್ಚಿತ್ತು.

ದನದ ಸಂತೆಯಲ್ಲಿ ದರವನ್ನು ಬಾಯಿಯಿಂದ ಹೇಳುವುದಿಲ್ಲ. ದಲಾಲ ತನ್ನ ಹೆಗಲಿನ ಟವಲ್ಲು ತೆಗೆದು ಕೊಳ್ಳುವವನ ಕೈಮೇಲೆ ಹಾಕುತ್ತಾನೆ. ಅದರ ಕೆಳಗೆ ಕೊಳ್ಳುವವ ದಲಾಲನ ಬೆರಳು ಹಿಡಿಯುತ್ತಾನೆ. ನಾಲ್ಕು ಬೆರಳು ಹಿಡಿದರೆ ನಾಲ್ಕು. ನಾನೂರೋ ನಾಲ್ಕು ಸಾವಿರವೋ ಎನ್ನುವುದು ದನದ ಮುಖ ನೋಡಿದರೆ ತಿಳಿಯುತ್ತದೆ. ಆಮೇಲೆ ದಲಾಲ ಮಾರುವವರ ಹತ್ತಿರ ಬರುತ್ತಾನೆ, ಅದೇ ಟವಲ್ಲು ಹಾಕಿ ಅದೇ ಬೆರಳು ಹಿಡಿದು ತೋರಿಸುತ್ತಾನೆ. ಸುತ್ತ ಹತ್ತು ಜನ ನಿಂತಿರುತ್ತಾರೆ, ಹತ್ತು ಜನಕ್ಕೂ ಏನೂ ತಿಳಿಯುವುದಿಲ್ಲ. ಎರಡೂ ಕಡೆಯವರು ದಲಾಲಿ ಕೊಡುತ್ತಾರೆ. ಅಂದರೆ ಅವನು ಇಬ್ಬರ ಮನುಷ್ಯನೂ ಹೌದು.

ಅಪ್ಪ ನನಗೆ ಮಗ್ಗಿ ಕಲಿಸಿದ್ದೇ ಹೀಗೆ. ಪಡಸಾಲೆಯಲ್ಲಿ ಕೂತು ಟವಲ್ಲಿನ ಕೆಳಗೆ ನನ್ನ ಬೆರಳು ಹಿಡಿಯುತ್ತಿದ್ದ, “ಮೂರ್ಲೆ?” ಅನ್ನುತ್ತಿದ್ದ, ನಾನು ಉತ್ತರವನ್ನು ಅವನ ಬೆರಳಲ್ಲೇ ಕೊಡಬೇಕು.

“ಹೆಣ್ಣ ಹುಡಗಿಗೆ ಸಂತಿ ವಿದ್ಯಾ ಯಾಕ್ರಿ?” ಎಂದು ಅವ್ವ ಒಳಗಿನಿಂದ.

“ಸಂತಿಗೆ ಯಾರ ಕಳಸ್ತಾರ? ಲೆಕ್ಕ ಬರಲಿ ಬಿಡು.”

ಒಂದು ದಿನ ನಾನು ತಪ್ಪು ಹೇಳಲು ಹೊರಟಾಗ ನನ್ನ ಹೆಬ್ಬೆರಳಿನ ಬುಡವನ್ನು ಅವನು ಎರಡು ಸಲ ಮೆಲ್ಲಗೆ ಒತ್ತಿದ. “ಇದು ಎಷ್ಟಪಾ?” ಎಂದು ಕೇಳಿದೆ.

“ಇದು ಎಣಿಕಿ ಅಲ್ಲ. ಇದು ‘ತಡಿ’ ಅಂದಂಗ.”

ಮನೆಯಲ್ಲಿ ಅಡಚಣೆ ಬಂದು ದನ ಹೊಡೆದುಕೊಂಡು ಬಂದವರ ಅಡಚಣೆ ಮುಖದ ಮೇಲೆಯೇ ಇರುತ್ತದೆ. ಕೊಳ್ಳುವವರು ಅದನ್ನು ಓದಿ ದರ ಇಳಿಸುತ್ತಾರೆ. ಅಂಥವರಿಗೆ ಅಪ್ಪ ದರ ತೋರಿಸಿ, ಹಿಂದೆಯೇ ಹೆಬ್ಬೆರಳಿನ ಬುಡ ಒತ್ತುತ್ತಿದ್ದ. ತಡಿ, ಈಗ ಕೊಡಬೇಡ, ಇದಕ್ಕಿಂತ ಚಲೋ ಗಿರಾಕಿ ಬರುತ್ತದೆ. ಅವರು ತಲೆ ಅಲ್ಲಾಡಿಸುತ್ತಿದ್ದರು. ಅಪ್ಪ ಕೊಳ್ಳುವವನ ಕಡೆ ತಿರುಗಿ, “ಒಲ್ಲೆ ಅಂತಾರ್ರಿ ಸಾವಕಾರ, ನಾ ಏನ್ ಮಾಡ್ಲಿ,” ಅನ್ನುತ್ತಿದ್ದ.

“ಸಾವಕಾರಗ ಗೊತ್ತಾದ್ರ?”

“ಮತ್ತ ಟವಲ್ಲ ಯಾಕೈತಿ?”

ಆಗ ನನಗೆ ಒಂಬತ್ತು ವರ್ಷ ಎಂದು ಬರೆಯಲು ಹೋದೆ. ಒಂಬತ್ತೋ ಹನ್ನೆರಡೋ ಗೊತ್ತಿಲ್ಲ. ಅವನ ಹೆಬ್ಬೆರಳಿನ ಒರಟು ಮಾತ್ರ ಗೊತ್ತಿದೆ.

ಪ್ರಾಜೆಕ್ಟಿನಲ್ಲಿ ಅಪ್ಪನ ಹೆಸರು ಹಾಕಲಿಲ್ಲ. ‘ಕುಲಗೋಡದ ಒಬ್ಬ ಅನುಭವಿ ದಲಾಲ’ ಎಂದು ಹಾಕಿದೆ. ಕುಲಗೋಡದಿಂದ ಆ ಸಂತೆಗೆ ಹೋಗುವ ದಲಾಲ ಅವನೊಬ್ಬನೇ ಎಂಬುದು ಬರೆಯುವಾಗ ಹೊಳೆಯಲಿಲ್ಲ. ಉದಾಹರಣೆ ಇರಲಿ ಎಂದು ಬಾಜೂ ಹಳ್ಳಿಯ ಒಬ್ಬ ಮುದುಕಿ ಆಯಿಯ ಸಂಗತಿಯನ್ನೂ ಸೇರಿಸಿದೆ. ಗಂಡ ಆಸ್ಪತ್ರೆಯಲ್ಲಿದ್ದಾಗ ಆಕೆ ಇನ್ನೂ ಈಯದ ಎಮ್ಮೆ ಮಣಕ ತಂದಿದ್ದಳು, ಅಪ್ಪ ಒತ್ತಿದ, ಆಕೆ ತಿರುಗಿ ಹೊಡೆದುಕೊಂಡು ಹೋದಳು, ಮುಂದಿನ ಸಂತೆಗೆ ಅದು ಒಳ್ಳೆಯ ದರಕ್ಕೆ ಹೋಯಿತು. ಅಪ್ಪ ಊಟಕ್ಕೆ ಕೂತಾಗ ಹೇಳಿದ್ದನ್ನು ನಾನು ‘ಪ್ರಕರಣ ಒಂದು’ ಎಂಬ ತಲೆಬರಹದ ಕೆಳಗೆ ಇಟ್ಟೆ.

ಇನ್ನು ಸಲಹೆ. ಸಲಹೆ ಇಲ್ಲದೆ ಪ್ರಾಜೆಕ್ಟು ಮುಗಿಯುವಂತಿಲ್ಲ. ಐದನೆಯ ಬಾಣ ವ್ಯವಸ್ಥೆಯೊಳಗಿನ ಸೋರಿಕೆ ಎಂದು ಬರೆದೆ. ಕೊಳ್ಳುವವರು ಮತ್ತು ಮಾರುವವರು ನೇರವಾಗಿ ವ್ಯವಹರಿಸಬೇಕು, ನಡುವಿನವನ ಕೈ ಇರಬಾರದು. ಪುಸ್ತಕದಲ್ಲಿ ಹಾಗೇ ಇತ್ತು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಆ ಪುಟ ತೆರೆದು ಕೇಳಿದರು, “ಈ ದಲಾಲ ಹಿಂಗ ಮಾಡೂದು ಸರಿ ಏನಮ್ಮಾ?”

“ಇಲ್ಲ ಸರ್. ನಿಯಂತ್ರಣ ಇಲ್ಲ ಸರ್.”

ನಮ್ಮ ಸರ್ ಬಾಗಿಲಲ್ಲಿ ನಿಂತು ಹೆಬ್ಬೆರಳು ಎತ್ತಿ ತೋರಿಸಿದರು. ಎಲ್ಲರಿಗಿಂತ ಹೆಚ್ಚು ಅಂಕ ನನಗೆ. ಅಪ್ಪ ಕರದಂಟು ತಂದ. ಯಾವುದಕ್ಕೆ ಅಂಕ ಬಂತು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಸೆಮಿಸ್ಟರಿನಲ್ಲಿ ಇ-ಕಾಮರ್ಸ್. ಒಂದು ವೆಬ್‌ಪುಟ ಮಾಡಬೇಕಿತ್ತು. ಗೋಕಾಕದ ಸೈಬರ್ ಕೆಫೆಯಲ್ಲಿ ಹಲಗೆಯ ಗೂಡಿನೊಳಗೆ ಕೂತು, ಹಳೆಯ ಪ್ರಾಜೆಕ್ಟಿನ ಚಿತ್ರವನ್ನೇ ಸ್ಕ್ಯಾನ್ ಮಾಡಿ ಏರಿಸಿ, ಮೇಲೊಂದು ಎಮ್ಮೆ ಕೂರಿಸಿ, ಕೆಳಗೆ ಎಷ್ಟು ಜನ ನೋಡಿದರು ಎಂದು ತೋರಿಸುವ ಎಣಿಕೆ ಹಾಕಿದೆ. ಪುಟ ತೆರೆಯುವಷ್ಟರಲ್ಲಿ ಬಾಜೂ ಗೂಡಿನವ ಚಾ ಕುಡಿದು ಬರುತ್ತಿದ್ದ. ಎಮ್ಮೆ ಮೇಲಿನಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು, ಮೊದಲು ಕೋಡು, ಆಮೇಲೆ ಕಣ್ಣು.

ಒಂದು ಸಂತೆಯ ದಿನ ಅಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ. ಸಂತೆ ಮುರಿಯುವ ಮೊದಲು ಅವನು ಬಂದದ್ದು ನಾನು ಕಂಡಿರಲಿಲ್ಲ. ಟವಲ್ಲು ಬೆಳಿಗ್ಗೆ ಮಡಿಚಿ ಕೊಟ್ಟ ಹಾಗೆಯೇ ಇತ್ತು. ಅವ್ವ ನೀರು ಕೊಟ್ಟಳು. ಅವನು ಕುಡಿಯಲಿಲ್ಲ.

“ಹುಕ್ಕೇರಿ ಸಾವಕಾರ ಮಂದ್ಯಾಗ ನಿಂತು ಅಂದ, ‘ನಿನ್ನ ಟವಲ್ಲಿನ್ಯಾಗ ಕೈ ಇಡಂಗಿಲ್ಲೋ ಮಾರಾಯಾ, ನಿನ್ನ ಹೆಬ್ಬಟ್ಟು ಭಾಳ ಮಾತಾಡತೈತಂತ.’ ಉಳದವರೂ ಕೈ ಹಿಂದ ತಗೊಂಡ್ರು.” ಅಪ್ಪ ಇದನ್ನು ಅವ್ವನಿಗೆ ಹೇಳಿದ. ಆಮೇಲೆ ನನ್ನ ಕಡೆ ನೋಡಿದ. “ಒತ್ತಿಸ್ಕೊಂಡವರು ಯಾರ ಮುಂದೂ ಅನ್ನಂಗಿಲ್ಲ. ಮನ್ಯಾಗ ಮೂರ ಮಂದಿಗೆ ಗೊತ್ತಿತ್ತು. ನಾ ಹೇಳಿಲ್ಲ. ನಿಮ್ಮವ್ವ ಹೇಳಿಲ್ಲ.”

ಹುಕ್ಕೇರಿಯ ಈ ಸಾವಕಾರ ಕೊಲ್ಹಾಪುರ ಕಡೆಯ ಡೈರಿಗಳಿಗೆ ಎಮ್ಮೆ ಒಯ್ಯುವವರು. ಸಂತೆಯ ದೊಡ್ಡ ಗಿರಾಕಿ. ಅವರು ಬಿಟ್ಟರೆ ಎಲ್ಲರೂ ಬಿಟ್ಟ ಹಾಗೆ. ಅಪ್ಪನಿಗೆ ಹೊಲ ಇರಲಿಲ್ಲ. ಇದ್ದದ್ದು ಆ ಟವಲ್ಲು, ಅದರೊಳಗೆ ಜನ ನಂಬಿ ಇಡುವ ಕೈ.

ನಾನು ಎದ್ದೆ, ಬ್ಯಾಗು ತಗೊಂಡೆ, ಪುಸ್ತಕ ಬಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಗೋಕಾಕದ ಬಸ್ಸು ಹತ್ತಿದೆ. ತಲೆಯಲ್ಲಿ ಇದ್ದದ್ದು ಒಂದೇ: ವೆಬ್‌ಪುಟ. ಜಗತ್ತೆಲ್ಲ ನೋಡುತ್ತದೆ ಎಂದು ಸರ್ ಹೇಳಿದ್ದರಲ್ಲ. ಜಗತ್ತು ನೋಡಿದೆ, ಜಗತ್ತಿನೊಳಗೆ ಹುಕ್ಕೇರಿಯೂ ಇದೆ. ಬಸ್ಸು ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿ ತೆವಳುತ್ತಿತ್ತು. ನಾನು ಸೀಟಿನ ತುದಿಯಲ್ಲಿ ಕೂತು ಮನಸ್ಸಿನಲ್ಲೇ ಅದನ್ನು ಮುಂದಕ್ಕೆ ನೂಕುತ್ತಿದ್ದೆ. ಅವಸರ ಮಾಡಿದಷ್ಟೂ ಬಸ್ಸು ನಿಲ್ಲುತ್ತದೆ ಎನಿಸುತ್ತಿತ್ತು.

ಕೆಫೆಯಲ್ಲಿ ಪುಟ ತೆರೆಯಿತು. ಕೋಡು, ಕಣ್ಣು, ಕೆಚ್ಚಲು. ಕೆಳಗೆ ಎಣಿಕೆ: ಹತ್ತೊಂಬತ್ತು. ನಾನೇ ಎಷ್ಟು ಸಲ ತೆರೆದಿದ್ದೆ, ಸರ್ ಎಷ್ಟು ಸಲ, ಗೆಳತಿಯರು ಎಷ್ಟು ಸಲ, ಲೆಕ್ಕ ಹಾಕಿದರೆ ಸರಿಯಾಗಿ ಹತ್ತೊಂಬತ್ತು. ಜಗತ್ತು ನೋಡಿರಲಿಲ್ಲ. ಹೊರಗಿನ ಒಬ್ಬನೂ ನೋಡಿರಲಿಲ್ಲ. ಆದರೂ ಅಳಿಸಿದೆ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಹಾಗಾದರೆ ಎಲ್ಲಿಂದ?

ಹೊರಗೆ ಬಂದರೆ ಎದುರಿಗೆ ಜೆರಾಕ್ಸ್ ಅಂಗಡಿ. ನಮ್ಮೆಲ್ಲರ ಪ್ರಾಜೆಕ್ಟುಗಳು ಟೈಪಾಗಿ, ಬೈಂಡಾಗಿ ಹೊರಗೆ ಬಂದದ್ದು ಅಲ್ಲಿಂದಲೇ. ಗಾಜಿನ ಪೆಟ್ಟಿಗೆಯ ಮೇಲೆ ನೀಲಿ ರಟ್ಟಿನ ಪ್ರತಿಗಳ ಸಾಲು. ಒಂದನ್ನು ತೆರೆದೆ. ದನದ ಸಂತೆ. ಚೌಕ, ದುಂಡು, ಚೌಕ. ಚುಕ್ಕೆಗಳ ಬಾಣ. ಮೊದಲ ಪುಟದಲ್ಲಿ ಮಾತ್ರ ನನ್ನ ಹೆಸರಿನ ಜಾಗ ಖಾಲಿ, ತಗೊಂಡವರು ತಮ್ಮದು ಬರೆದುಕೊಳ್ಳಲಿ ಎಂದು.

“ಅಯ್ಯ ಮೇಡಂ, ಬರ್ರಿ ಬರ್ರಿ!” ಎಂದ ಅಂಗಡಿಯವ. “ನಿಮ್ದು ಭಾಳ ಚಲೋ ಓಡಾಕತ್ತೇತಿ ನೋಡ್ರಿ. ಗೋಕಾಕದಾಗ ಒಂದ ರೌಂಡ್ ಮುಗೀತು. ಈಗ ಹುಕ್ಕೇರಿ ಕಾಲೇಜಿನ ಹುಡುಗ್ರು ಒಯ್ಯಾಕತ್ತಾರ.”

“ಯಾರನ್ನ ಕೇಳಿ ಮಾರಿದ್ರಿ?”

“ಯಾರನ್ನ ಕೇಳೋದ್ರಿ? ನೀವೂ ಬರ್ಕೊಳ್ಳಾಕ ಹಿಂದಿನ ವರ್ಷದವರದ್ದ ಒಯ್ದಿದ್ರಿ, ನೆನಪ ಹಾರೇತಿ?”

ನಿಜ. ಒಯ್ದಿದ್ದೆ. ಮುನ್ನುಡಿಯನ್ನು ಅದರಿಂದಲೇ ಎತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ.

“ಮೂಲ ಪ್ರತಿ ನನಗ ಕೊಡ್ರಿ.”

“ಮೂಲ ಕೊಟ್ಟ್ರ ಅಂಗಡಿ ಹೆಂಗ ನಡೀಬೇಕ್ರಿ? ಬೇಕಾದ್ರ ಒಂದ ಜೆರಾಕ್ಸ್ ಹೊಡದು ಕೊಡ್ತೀನಿ, ಫುಕಟ.” ಅವನು ನಗುತ್ತಲೇ ಇದ್ದ. “ಎದರಿಗಿನ ಅಂಗಡ್ಯಾಗ ಕುಂತು ಆನ್‌ಲೈನ್ ಆನ್‌ಲೈನ್ ಅಂತೀರಿ. ಬಿಸಿನೆಸ್ಸಂದ್ರ ಇದು.”

ಮನೆಗೆ ಬಂದು ಅಪ್ಪನ ಮುಂದೆ ಪ್ರಾಜೆಕ್ಟು ಇಟ್ಟೆ. ಕನ್ನಡಕ ಹಾಕಿಕೊಂಡ. ಇಂಗ್ಲಿಷ್ ಬರುತ್ತಿರಲಿಲ್ಲ, ನಾನೇ ಓದಿ ಹೇಳಿದೆ, ಸಲಹೆಯವರೆಗೆ. ನಡುವಿನ ದುಂಡಿನ ಮೇಲೆ ಬೆರಳಿಟ್ಟು ಕೇಳಿದ, “ಇದು ನಾನಾ?”

“ಹೂಂ.”

“ಕೈ ಬರದಿಲ್ಲಲ್ಲ.”

ಬೈಯಲಿಲ್ಲ ಎಂದು ತರಗತಿಯಲ್ಲಿ ಹೇಳುತ್ತೇನೆ. ಬೈದ. ಏನು ಬೈದ ಎಂದು ಮರೆತಿದ್ದೇನೆ, ಅಥವಾ ಮರೆಯಲು ಅನುಕೂಲವಾಯಿತು. ಅವ್ವ ನಡುವೆ ಬಂದದ್ದು ನೆನಪಿದೆ. ಆಮೇಲೆ ಅವನು, “ನಾಳೆ ಹುಕ್ಕೇರಿಗೆ ಹೋಗೂನು. ನೀನೂ ಬಾ,” ಅಂದದ್ದು.

ಹುಕ್ಕೇರಿಯಲ್ಲಿ ಸಾವಕಾರರ ಮನೆಯ ಕಟ್ಟೆಯ ಮೇಲೆ ಕೂತೆವು. ಅವರು ಒಳಗಿನಿಂದ ಬಂದರು, ದಪ್ಪ ಮೀಸೆ, ಬಿಳಿ ಟೊಪ್ಪಿಗೆ. ಹಿಂದೆಯೇ ಚಾ ಹಿಡಿದು ಅವರ ಮಗಳು. ನನ್ನ ವಯಸ್ಸಿನವಳೇ. ನನ್ನನ್ನು ನೋಡಿದಳು, ಮುಖ ಕೆಳಗೆ ಹಾಕಿದಳು. ಪ್ರಾಜೆಕ್ಟು ತಂದದ್ದು, ಮನೆಯಲ್ಲಿ ಕನ್ನಡ ಮಾಡಿ ಓದಿ ಹೇಳಿದ್ದು ಅವಳೇ ಎಂದು ಅಷ್ಟರಲ್ಲೇ ತಿಳಿಯಿತು. ನಾವಿಬ್ಬರೂ ನಮ್ಮ ನಮ್ಮ ಅಪ್ಪಂದಿರಿಗೆ ಒಂದೇ ಹಾಳೆ ಓದಿದ್ದೆವು.

“ನಿನ್ನ ಮಗಳ ಶಾಣ್ಯಾ ಅದಾಳ ಬಿಡು,” ಅಂದರು ಸಾವಕಾರ. “ಅಕಿ ಬರೀಲಿಲ್ಲಂದ್ರ ನಾ ಸಾಯೂತನಕ ನಿನ್ನ ಹರಿಶ್ಚಂದ್ರ ಅಂತಿದ್ನಿ.”

“ತಪ್ಪಾತ್ರಿ.”

“ತಪ್ಪು ಖರೆ. ನಾನೂ ದಲಾಲಿ ಕೊಡ್ತೀನಲ್ಲೋ? ನಂದೇನ ಪುಗಸಟ್ಟೆ ಕೈ?” ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. “ಒಂದ ಹೇಳು. ನನ್ನ ದರದ ಮ್ಯಾಲ ಎಷ್ಟ ಸಲ ಒತ್ತೀದಿ?”

ಅಪ್ಪ ನನ್ನನ್ನು ನೋಡಿದ. ಆ ಹುಡುಗಿಯನ್ನು ನೋಡಿದ. ಹೆಗಲಿನ ಟವಲ್ಲು ತೆಗೆದು ಕೈಮೇಲೆ ಹಾಕಿಕೊಂಡು ಸಾವಕಾರರ ಕಡೆ ಚಾಚಿದ. ಅವರು ಚಾದ ಬಟ್ಟಲು ಕೆಳಗಿಟ್ಟರು. ಆಮೇಲೆ ಕೈ ಒಳಗಿಟ್ಟರು. ಟವಲ್ಲು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಎಷ್ಟು ಎಂದು ನನಗೆ ಈವರೆಗೂ ಗೊತ್ತಿಲ್ಲ. ಎಲ್ಲವನ್ನೂ ಬರೆದವಳು ನಾನು, ಆ ಒಂದನ್ನು ನನ್ನಿಂದ ಮುಚ್ಚಿಯೇ ಅವನು ಹೇಳಿದ.

ಸಾವಕಾರ ನಕ್ಕರು ಎಂದು ಒಂದು ಸಲ ಎಲ್ಲೋ ಹೇಳಿದ್ದೆ. ನಗಲಿಲ್ಲ. ಕೈ ಹೊರಗೆ ತೆಗೆದು ಧೋತರಕ್ಕೆ ಒರೆಸಿಕೊಂಡರು.

“ಖರೆ ಹೇಳೀದಿ, ಆತು. ಸಂತಿಗೆ ಬಾ. ನಾನ ಮೊದಲ ಕೈ ಇಡತೇನಿ, ಮಂದಿ ನೋಡ್ಲಿ. ಆದ್ರ ಇನ್ನ ಮ್ಯಾಲ ಟವಲ್ಲ ನಿಂದು, ಒಳಗ ಕೈ ನನ್ನವು ಮತ್ತ ಮಾರಾವರವು. ನಿನ್ನ ಕೈ ಹೊರಗ ಇರ್ಲಿ.” ನನ್ನ ಕಡೆ ತಿರುಗಿದರು. “ಹಂಗ ಬರದೀಯಲ್ಲವಾ ತಂಗಿ, ಕಡೀ ಹಾಳ್ಯಾಗ? ಇಕಿ ಓದಿ ಹೇಳ್ಯಾಳ.”

ಹಾಗೇ ಬರೆದಿದ್ದೆ.

ಮುಂದಿನ ಸಂತೆಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಅವ್ವ ಬೇಡ ಅಂದಳು. “ತಾನು ಬರದದ್ದು ತಾನು ನೋಡ್ಲಿ,” ಅಂದ ಅಪ್ಪ. ದನದ ಸಂತೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಸಗಣಿ, ಬಣ್ಣ ಬಳಿದ ಕೋಡು, ಹಲ್ಲು ಎಣಿಸುವವರು, ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು. ಸಾವಕಾರ ಮಾತಿಗೆ ತಪ್ಪಲಿಲ್ಲ. ಬಂದವರೇ ಅಪ್ಪನ ಟವಲ್ಲಿನೊಳಗೆ ಕೈ ಇಟ್ಟರು, ಎಲ್ಲರಿಗೂ ಕಾಣುವಂತೆ. ಉಳಿದವರು ಒಬ್ಬೊಬ್ಬರೇ ಹತ್ತಿರ ಬಂದರು. ಅಪ್ಪನ ಧಂಧೆ ಉಳಿಯಿತು.

ಹತ್ತು ಗಂಟೆಯ ಸುಮಾರಿಗೆ ಒಬ್ಬ ಮುದುಕಿ ಎಮ್ಮೆ ಹೊಡೆದುಕೊಂಡು ಬಂದಳು. ಅಪ್ಪ ಆಕೆಯ ಗಂಡನ ಸುದ್ದಿ ಕೇಳಿದಾಗ ನನಗೆ ಗುರುತು ಹತ್ತಿತು. ಪ್ರಕರಣ ಒಂದು. ಆಕೆ ಎಮ್ಮೆಗಿಂತ ಹೆಚ್ಚು ದಣಿದಿದ್ದಳು, ಮತ್ತು ಅದು ಎಲ್ಲರಿಗೂ ಕಾಣುತ್ತಿತ್ತು. ಸಾವಕಾರ ಎಮ್ಮೆಯ ಸುತ್ತ ಒಂದು ಸುತ್ತು ಬಂದು ನಿಂತರು. ಅಪ್ಪ ಟವಲ್ಲು ಹಾಸಿದ. ಸಾವಕಾರ ಆ ಕಡೆಯಿಂದ, ಆಯಿ ಈ ಕಡೆಯಿಂದ ಕೈ ಒಳಗಿಟ್ಟರು. ಅಪ್ಪ ಟವಲ್ಲಿನ ಎರಡು ಚುಂಗು ಹಿಡಿದು ನಿಂತ, ಹಗ್ಗದ ಮೇಲೆ ಬಟ್ಟೆ ಒಣಹಾಕುವವನ ಹಾಗೆ.

ಆಯಿ ಬೆರಳಿನ ದರ ತಿಳಿದುಕೊಂಡಳು. ಆದರೂ ಕೈ ಒಳಗೇ ಇಟ್ಟುಕೊಂಡು ಕಾಯುತ್ತಿದ್ದಳು. ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಕೊನೆಗೆ ಅಪ್ಪನ ಮುಖ ನೋಡಿದಳು.

“ನಿನ್ನ ಕೈ ಎಲ್ಲೈತೋ ತಮ್ಮಾ?”

“ಇಲ್ಲೇ ಐತಿ ನೋಡಬೇ ಆಯಿ,” ಅಂದ ಅಪ್ಪ. “ಮ್ಯಾಲ ಐತಿ.”

ತರಗತಿಯಲ್ಲಿ ಹೇಳುವಾಗ ಇಲ್ಲಿ ಆಯಿಗೆ ಎಲ್ಲ ಅರ್ಥವಾಗಿ ಆಕೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಎಮ್ಮೆ ಹೊಡೆದುಕೊಂಡು ಮನೆಗೆ ಹೋಗುತ್ತಾಳೆ. ಹುಡುಗರಿಗೆ ಸಮಾಧಾನ. ಗಂಟೆ ಹೊಡೆಯುತ್ತದೆ.

ಆಕೆ ಕೊಟ್ಟಳು. ಸಾವಕಾರ ಹಿಡಿದಷ್ಟೇ ದರಕ್ಕೆ ಕೊಟ್ಟಳು. ನಾನು ಎರಡು ಮಾರು ದೂರದಲ್ಲಿದ್ದೆ. ‘ತಡೀಬೇ ಆಯಿ’ ಎಂದು ಬಾಯಿಯಿಂದಲೇ ಹೇಳಬಹುದಿತ್ತು, ಅದಕ್ಕೆ ಟವಲ್ಲು ಬೇಕಿರಲಿಲ್ಲ, ಕೈಯೂ ಬೇಕಿರಲಿಲ್ಲ. ಹೇಳಿದರೆ ಅಪ್ಪನ ಟವಲ್ಲಿನೊಳಗೆ ಮತ್ತೆ ಯಾರೂ ಕೈ ಇಡುತ್ತಿರಲಿಲ್ಲ. ನಾನು ಹೇಳಲಿಲ್ಲ. ಸಾವಕಾರ ತಮ್ಮ ಹೊಸ ಹಗ್ಗ ಎಮ್ಮೆಗೆ ಬಿಗಿದರು. ಹಳೆಯ ಹಗ್ಗ ಬಿಚ್ಚಿ ಆಯಿಗೆ ಕೊಟ್ಟರು. ಸಂತೆಯ ರೂಢಿಯಲ್ಲಿ ಅದು ಮಾರಿದವರದ್ದು. ಆಕೆ ಅದನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ನನ್ನ ಮುಂದೆಯೇ ಹಾದು ಹೋದಳು.

ಅಪ್ಪ ಟವಲ್ಲು ಝಾಡಿಸಿ ಹೆಗಲ ಮೇಲೆ ಹಾಕಿಕೊಂಡ. “ನೋಡಿದ್ಯಲ್ಲ, ಇನ್ನ ನಡಿ,” ಅಂದ. “ನಿನ್ನ ಬಸ್ಸ ಬಂದೀತು.”